ಅಮೆರಿಕದ ಸಂಸ್ಕೃತಿ ಓದೋಕೆ ಯಾವ ವಿಭಾಗ ಸೇರಬೇಕು? ಒಂದು ಹಳೇ ಹಾಳೆ ಹಿಡಿದು ಹೋಲಿಕೆ

ದಸರಾ ರಜೆ ಮುಗಿಯುವ ಹೊತ್ತಿಗೆ ನನಗೆ ಒಂದೇ ಥರದ ಮೆಸೇಜ್‌ಗಳು ಬರಲು ಶುರುವಾಗುತ್ತವೆ. ಇಂಗ್ಲಿಷ್ ಎಂಎ ಮುಗಿಸಿದವರು, ಸಮಾಜಶಾಸ್ತ್ರ ಓದಿದವರು, ಪತ್ರಿಕೆಯಲ್ಲಿ ಎರಡು ಮೂರು ವರ್ಷ ದುಡಿದವರು ಬರೆಯುತ್ತಾರೆ. "ಅಕ್ಕಾ, ಅಮೆರಿಕದ ಸಮಾಜ, ಸಂಸ್ಕೃತಿ ಬಗ್ಗೆ ಪಿಎಚ್‌ಡಿ ಮಾಡಬೇಕು ಅಂತಿದೀನಿ. ಅಮೆರಿಕನ್ ಸ್ಟಡೀಸ್‌ಗೆ ಹಾಕಲಾ, ಹಿಸ್ಟರಿಗೆ ಹಾಕಲಾ, ಆಂಥ್ರೊಪಾಲಜಿಗೆ ಹಾಕಲಾ?" ಕೆಳಗೆ ಯಾವುದೋ ರ‍್ಯಾಂಕಿಂಗ್ ಪಟ್ಟಿಯ ಸ್ಕ್ರೀನ್‌ಶಾಟ್ ಇರುತ್ತದೆ.

ರ‍್ಯಾಂಕಿಂಗ್ ಸದ್ಯ ಪಕ್ಕಕ್ಕಿಡಿ. ನಾನು ಕರ್ನಾಟಕದಲ್ಲಿ ಇಂಗ್ಲಿಷ್ ಎಂಎ ಮಾಡಿ, ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಅಮೆರಿಕನ್ ಸ್ಟಡೀಸ್ ಓದಿದವಳು. ಈ ವಿಭಾಗಗಳ ಹೆಸರು ನೋಡಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲರೂ ಜನಾಂಗ, ವಲಸೆ, ಲಿಂಗ, ಸಿನಿಮಾ, ಊಟ ಅಂತ ಒಂದೇ ವಿಷಯಗಳನ್ನು ಓದುತ್ತಾರೆ. ಬೇರೆಯಾಗುವುದು ಎಲ್ಲಿ ಅಂದರೆ, ಕೈಗೆ ಒಂದು ವಸ್ತು ಸಿಕ್ಕಾಗ ಮೊದಲು ಏನು ಕೇಳುತ್ತಾರೆ, ಆಮೇಲೆ ಎದ್ದು ಎಲ್ಲಿಗೆ ಹೋಗುತ್ತಾರೆ ಅನ್ನುವಲ್ಲಿ. ಅದನ್ನು ಒಂದು ಹಾಳೆ ಹಿಡಿದೇ ತೋರಿಸುತ್ತೇನೆ.

ಡೆಟ್ರಾಯಿಟ್ ಹತ್ತಿರ ನಮ್ಮ ಕಡೆಯವರೇ ಆದ ಒಬ್ಬರು ಆಂಟಿ ಇದ್ದಾರೆ. ಅವರ ಮನೆ ಬೇಸ್‌ಮೆಂಟ್‌ನಲ್ಲಿ, ಬೊಂಬೆ ಹಬ್ಬದ ಡಬ್ಬಗಳ ಕೆಳಗೆ ಒಂದು ಫೈಲ್ ಸಿಕ್ಕಿತು. ಅದರಲ್ಲಿ 1979ರ ದೀಪಾವಳಿ ಊಟದ ಪಟ್ಟಿ. ಕೈಬರಹದ ಕನ್ನಡ, ಮಾಸಿದ ನೇರಳೆ ಬಣ್ಣದ ಪ್ರತಿ, ಮೂಲೆಯಲ್ಲಿ ತುಕ್ಕು ಹಿಡಿದ ಪಿನ್ನು. ಚಿತ್ರಾನ್ನ ಒಬ್ಬರದು, ಮೊಸರು ಎರಡು ಗ್ಯಾಲನ್ ಇನ್ನೊಬ್ಬರದು. ಉಪ್ಪಿಟ್ಟಿನ ಮುಂದೆ "ಕ್ರೀಮ್ ಆಫ್ ವೀಟ್ 3 ಡಬ್ಬ" ಅಂತಿದೆ, ಜಾಮೂನಿನ ಮುಂದೆ "ಬಿಸ್ಕ್ವಿಕ್", ಅಂದರೆ ಅಲ್ಲಿನ ಪ್ಯಾನ್‌ಕೇಕ್ ಹಿಟ್ಟಿನ ಮಿಶ್ರಣ. ಅಡುಗೆ ಮಾಡಿದವರೆಲ್ಲ ಹೆಂಗಸರು, ಆದರೆ ಬರೆದಿರುವುದೆಲ್ಲ ಗಂಡನ ಹೆಸರು, ಹಿಂದೆ ಒಂದು "ಶ್ರೀಮತಿ" ಸೇರಿಸಿ. ಕೊನೆಯ ಸಾಲು: ಚರ್ಚ್ ಹಾಲ್ ರಾತ್ರಿ ಒಂಬತ್ತಕ್ಕೆ ಖಾಲಿ ಮಾಡಬೇಕು, ಕುರ್ಚಿ ಮಡಚಲು ಗಂಡಸರು ನಿಲ್ಲಬೇಕು. ಹಾಳೆಯ ಹಿಂಬದಿ ಯಾರ ಕಾರಿನಲ್ಲಿ ಯಾರು ಬರಬೇಕು ಅನ್ನುವ ಪಟ್ಟಿ, ಊರಿನ ಹೆಸರುಗಳ ಸಮೇತ.

ಈಗ ಇದನ್ನು ಒಂದೊಂದು ವಿಭಾಗದ ಮೇಜಿನ ಮೇಲೆ ಇಡೋಣ.

ಇತಿಹಾಸ

ಇತಿಹಾಸದವರು ಮೊದಲು ಕೇಳುವುದು: ಯಾವಾಗ, ಯಾಕೆ ಆಗಲೇ? 1946ರಿಂದ ಅಮೆರಿಕಕ್ಕೆ ವಲಸೆ ಬರಲು ಭಾರತೀಯರಿಗೆ ಇದ್ದ ಕೋಟಾ ವರ್ಷಕ್ಕೆ ಬರೀ 100 ಜನ. 1965ರ ವಲಸೆ ಕಾನೂನು ದೇಶವಾರು ಕೋಟಾಗಳನ್ನು ತೆಗೆದು, ಓದಿದವರಿಗೂ ಕುಟುಂಬದವರಿಗೂ ಬಾಗಿಲು ತೆರೆಯಿತು. ಎಂಜಿನಿಯರ್‌ಗಳು, ಡಾಕ್ಟರ್‌ಗಳು ಬಂದರು. ಕಾರು ಕಂಪನಿಗಳ ಊರಿನಲ್ಲಿ 1979ಕ್ಕೆ ಇಷ್ಟು ಕನ್ನಡದ ಮನೆಗಳು ಇದ್ದದ್ದಕ್ಕೆ ಇದೇ ಕಾರಣ. ಇತಿಹಾಸ ವಿಭಾಗದಲ್ಲಿ ನಿಮ್ಮ ವರ್ಷಗಳು ಆರ್ಕೈವ್‌ನಲ್ಲಿ ಕಳೆಯುತ್ತವೆ: ಪೆನ್ನು ಹೊರಗಿಟ್ಟು ಪೆನ್ಸಿಲ್ ಮಾತ್ರ ಹಿಡಿದು ಒಳಗೆ ಹೋಗಬೇಕು, ಪೆಟ್ಟಿಗೆಯಿಂದ ಒಂದೇ ಫೋಲ್ಡರ್ ತೆಗೆಯಬೇಕು, ದಿನವಿಡೀ ಹುಡುಕಿದರೂ ಕೆಲವು ಸಲ ಒಂದು ರಸೀದಿ ಸಿಗುತ್ತದೆ ಅಷ್ಟೇ. ಆ ಒಂದು ರಸೀದಿಗೆ ಖುಷಿಪಡುವವರು ನೀವಾದರೆ ಸುಮ್ನೆ ಇತಿಹಾಸಕ್ಕೇ ಹಾಕಿ, ಬೇರೆ ಯೋಚನೆ ಬೇಡ. ಆದರೆ ಈಗಿನ ಜನರ ಜೊತೆ ಮಾತಾಡಿ ಬರೆಯುವ ಆಸೆ ಜಾಸ್ತಿ ಇದ್ದರೆ ಅಲ್ಲಿ ಕಷ್ಟವಾಗುತ್ತದೆ.

ಇಂಗ್ಲಿಷ್

ನಮ್ಮಲ್ಲಿ ಇಂಗ್ಲಿಷ್ ಎಂಎ ಮಾಡಿದವರಲ್ಲಿ ಬಹಳ ಜನ ಅಮೆರಿಕನ್ ಲಿಟರೇಚರ್ ಪೇಪರ್ ಓದಿ ಈ ದಾರಿಗೆ ಬರುತ್ತಾರೆ. ಇಂಗ್ಲಿಷ್‌ನವರು ಈ ಹಾಳೆಯಲ್ಲಿ ಭಾಷೆಯನ್ನು ನೋಡುತ್ತಾರೆ. ಗ್ಯಾಲನ್ ಯಾಕೆ ಕನ್ನಡ ಅಕ್ಷರದಲ್ಲಿದೆ, ಪಟ್ಟಿ ಅನ್ನುವುದೂ ಒಂದು ಬರವಣಿಗೆಯ ಪ್ರಕಾರವಾ, ಅದರಲ್ಲಿ ಯಾರ ದನಿ ಕೇಳುತ್ತದೆ, ಯಾರದು ಕೇಳುವುದಿಲ್ಲ. ಓದುವ ಕಣ್ಣು ಇಲ್ಲಿ ಪಳಗುವಷ್ಟು ಬೇರೆಲ್ಲೂ ಪಳಗುವುದಿಲ್ಲ. ಆದರೆ ಕೊನೆಗೆ ನಿಮ್ಮ ಪ್ರಬಂಧದ ಬೆನ್ನೆಲುಬು ಕೃತಿಗಳೇ ಆಗಿರಬೇಕು. ಕಾದಂಬರಿ, ಕಾವ್ಯ, ಸಿನಿಮಾ ಇವುಗಳ ಹತ್ತಿರ ನಿಮ್ಮ ಮನಸ್ಸು ತಾನಾಗಿ ಹೋಗದಿದ್ದರೆ, ಎಂಎ ಇಂಗ್ಲಿಷ್ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಪಿಎಚ್‌ಡಿಯೂ ಇಂಗ್ಲಿಷ್ ಆಗಬೇಕಾಗಿಲ್ಲ.

ಮಾನವಶಾಸ್ತ್ರ, ಸಮಾಜಶಾಸ್ತ್ರ

ಮಾನವಶಾಸ್ತ್ರದವರು ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಆಂಟಿ ಮನೆಗೆ ಹೋಗುತ್ತಾರೆ. ಈ ವರ್ಷದ ದೀಪಾವಳಿಗೆ ಈರುಳ್ಳಿ ಹೆಚ್ಚುತ್ತಾ ಕೂರುತ್ತಾರೆ. ಯಾರು ಯಾರ ಪಾತ್ರೆ ಮುಟ್ಟುತ್ತಾರೆ, ಸಸ್ಯಾಹಾರವೇ ಇರಲಿ ಅಂತ ಯಾರು ತೀರ್ಮಾನ ಮಾಡಿದರು, ಮಕ್ಕಳು ಯಾವ ಭಾಷೆಯಲ್ಲಿ ಜಗಳ ಆಡುತ್ತಾರೆ ಅಂತ ನೋಡುತ್ತಾರೆ. ಕಡಿಮೆ ಅಂದರೂ ಒಂದು ವರ್ಷ ಹೀಗೆ ಜನರ ಜೊತೆ ಇರಬೇಕು. ಒಂದು ಮಾತು ಮಾತ್ರ ಮೊದಲೇ ತಿಳಿದುಕೊಳ್ಳಿ. ಭಾರತದಿಂದ ಹೋದ ವಿದ್ಯಾರ್ಥಿ ಭಾರತದ ಬಗ್ಗೆಯೇ ಬರೆಯುತ್ತಾನೆ ಅಂತ ಎಷ್ಟೋ ಕಡೆ ಅಂದುಕೊಂಡಿರುತ್ತಾರೆ. ನೀವು ಅಮೆರಿಕದಲ್ಲೇ ಫೀಲ್ಡ್‌ವರ್ಕ್ ಮಾಡಬೇಕು ಅಂತಿದ್ದರೆ ಅರ್ಜಿಯ ಮೊದಲ ಪ್ಯಾರಾದಲ್ಲೇ ಬಿಡಿಸಿ ಹೇಳಿ.

ಸಮಾಜಶಾಸ್ತ್ರದವರಿಗೆ ಒಂದು ಹಾಳೆ ಸಾಲದು, ಇಂಥ ನೂರು ಮನೆ ಬೇಕು. ಲೆಕ್ಕ, ಸರ್ವೆ, ಸಂದರ್ಶನ. ಅಂಕಿಅಂಶದ ಕೋರ್ಸ್‌ಗಳನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ವಿಶ್ವವಿದ್ಯಾಲಯದ ಹೊರಗೆ ಕೆಲಸ ಹುಡುಕುವಾಗ ಈ ಪಟ್ಟಿಯಲ್ಲಿ ಹೆಚ್ಚು ಕೈಹಿಡಿಯುವುದು ಇದೇ.

ಅಮೆರಿಕನ್ ಸ್ಟಡೀಸ್, ಎತ್ನಿಕ್ ಸ್ಟಡೀಸ್

ನನ್ನ ವಿಷಯಕ್ಕೆ ಬಂದೆ, ಸ್ವಲ್ಪ ಉದ್ದವಾಗುತ್ತದೆ. ಸೆಮಿನಾರ್‌ನಲ್ಲಿ ನಾನು ಈ ಹಾಳೆಯ ಮುಂಬದಿ ತೋರಿಸಿ ಬಿಸ್ಕ್ವಿಕ್ ಜಾಮೂನಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. ನಮ್ಮ ಪ್ರೊಫೆಸರ್ ಎಲ್ಲ ಕೇಳಿಸಿಕೊಂಡು, ಹಾಳೆ ತಿರುಗಿಸಿ, ಕಾರಿನ ಪಟ್ಟಿಯ ಮೇಲೆ ಬೆರಳಿಟ್ಟರು. ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್, ಲಿವೋನಿಯಾ, ಸೌತ್‌ಫೀಲ್ಡ್. ಡೆಟ್ರಾಯಿಟ್ ನಗರದೊಳಗಿನ ಒಂದು ಮನೆಯೂ ಇಲ್ಲ. "ಇವರೆಲ್ಲ ಯಾಕೆ ನಗರದ ಹೊರಗೇ ಇದ್ದಾರೆ?" ಅಂತ ಕೇಳಿದರು.

ಆ ಪ್ರಶ್ನೆಗೆ ಉತ್ತರ ಕನ್ನಡ ಕೂಟದೊಳಗೆ ಸಿಗುವುದಿಲ್ಲ. 1967ರ ಡೆಟ್ರಾಯಿಟ್ ದಂಗೆ, ಅದಕ್ಕೂ ಮೊದಲೇ ಶುರುವಾಗಿದ್ದ ಬಿಳಿಯರು ಉಪನಗರಗಳಿಗೆ ಹೋಗುವ ವಲಸೆ, ಕಪ್ಪು ಜನರಿಗೆ ಮನೆ ಸಾಲ ಕೊಡದ ಪದ್ಧತಿ, ನಗರದ ಮಕ್ಕಳನ್ನೂ ಉಪನಗರದ ಮಕ್ಕಳನ್ನೂ ಒಟ್ಟಿಗೆ ಓದಿಸುವ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು, ಹೆದ್ದಾರಿಗಳು, ಇವೆಲ್ಲ ಸೇರಿ ಆ ಉಪನಗರಗಳಾದವು. ನಮ್ಮವರು ಬಂದು "ಒಳ್ಳೇ ಸ್ಕೂಲ್ ಇದೆ" ಅಂತ ಅಲ್ಲಿ ಮನೆ ಮಾಡಿದರು. ಆ ಸ್ಕೂಲ್ ಯಾಕೆ ಅಲ್ಲಿ ಒಳ್ಳೆಯದಾಗಿತ್ತು ಅನ್ನುವುದು ಅಮೆರಿಕದ ಕಥೆ, ಅದರೊಳಗೆ ನಮ್ಮ ದೀಪಾವಳಿಯೂ ಇದೆ. ಕಾನೂನು, ನಕ್ಷೆ, ಹಳೇ ಜಾಹೀರಾತು, ಅಡುಗೆ ಪುಸ್ತಕ, ಆಂಟಿಯ ಜೊತೆ ಮಾತುಕತೆ, ಎಲ್ಲವನ್ನೂ ಒಂದೇ ಪ್ರಬಂಧದಲ್ಲಿ ತರಲು ಬಿಡುವುದು ಅಮೆರಿಕನ್ ಸ್ಟಡೀಸ್. ಹಾಗೆ ಬಿಡುವುದೇ ಅದರ ಅಪಾಯವೂ ಹೌದು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತು ಯಾವುದರಲ್ಲೂ ಕೈ ಪಳಗದೆ ಆರು ವರ್ಷ ಕಳೆದವರನ್ನು ನಾನು ನೋಡಿದ್ದೇನೆ, ನೋಡಿ ಬೇಜಾರಾಗಿದೆ. ಸೇರಿದ ಮೊದಲ ವರ್ಷವೇ ಒಂದು ವಿಧಾನವನ್ನು ಗಟ್ಟಿಯಾಗಿ ಹಿಡಿಯಿರಿ. ಆರ್ಕೈವ್ ಆಗಲಿ, ಫೀಲ್ಡ್‌ವರ್ಕ್ ಆಗಲಿ, ಒಂದು.

ಈ ವಿಷಯ ಹೊಸದೇನಲ್ಲ. ಹಾರ್ವರ್ಡ್‌ನಲ್ಲಿ 1930ರ ದಶಕದಲ್ಲೇ ಶುರುವಾಯಿತು, ಅಲ್ಲಿನ ಮೊದಲ ಪಿಎಚ್‌ಡಿ 1940ರಲ್ಲಿ ಹೆನ್ರಿ ನ್ಯಾಶ್ ಸ್ಮಿತ್ ಅವರಿಗೆ ಬಂತು. ಯೇಲ್‌ನದೂ ಆ ಕಾಲದ್ದೇ. ಮಿನೆಸೋಟಾದಲ್ಲಿ 1940ರ ದಶಕದಲ್ಲಿ ಬೆಳೆಯಿತು, ಈ ಕ್ಷೇತ್ರದ ಮುಖ್ಯ ಪತ್ರಿಕೆ ಅಮೆರಿಕನ್ ಕ್ವಾರ್ಟರ್ಲಿ 1949ರಲ್ಲಿ ಅಲ್ಲೇ ಹುಟ್ಟಿತು. ಅಮೆರಿಕನ್ ಸ್ಟಡೀಸ್ ಅಸೋಸಿಯೇಷನ್ 1951ರದು. ಮೊದಮೊದಲು "ಅಮೆರಿಕದ ಮನಸ್ಸು" ಅಂತ ಒಂದಿದೆ, ಅದನ್ನು ಹುಡುಕೋಣ ಅನ್ನುತ್ತಿದ್ದರು. 1960ರ ದಶಕದ ಹೋರಾಟಗಳು ಬಂದ ಮೇಲೆ "ಯಾರ ಅಮೆರಿಕ?" ಅನ್ನುವ ಪ್ರಶ್ನೆ ಎದ್ದಿತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಮುಷ್ಕರ ಹೂಡಿದರು, ಮರುವರ್ಷ ಅಲ್ಲಿ ಎತ್ನಿಕ್ ಸ್ಟಡೀಸ್, ಅಂದರೆ ಬಿಳಿಯರಲ್ಲದ ಸಮುದಾಯಗಳ ಅಧ್ಯಯನದ ಕಾಲೇಜು ಶುರುವಾಯಿತು.

ಎತ್ನಿಕ್ ಸ್ಟಡೀಸ್ ಅದೇ ಹೋರಾಟದ ಕೂಸು. ಅವರು ಈ ಹಾಳೆ ನೋಡಿ ಕೇಳುವುದು: ಇವರನ್ನು ಅಮೆರಿಕ ಏನಂತ ಕರೆಯಿತು? ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ 1923ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಸಿಗದು ಅಂದಿತು. 1970ರ ಜನಗಣತಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿತು. 1980ರಲ್ಲಿ "ಏಷ್ಯನ್ ಇಂಡಿಯನ್" ಅನ್ನುವ ಕಲಂ ಬಂತು. ನಮ್ಮ ಹಾಳೆ ಸರಿಯಾಗಿ ಈ ಎರಡು ಗಣತಿಗಳ ನಡುವಿನದು. ಜಾತಿ ಮತ್ತು ಜನಾಂಗ ಎರಡನ್ನೂ ಜೊತೆಗಿಟ್ಟು ಓದಬೇಕು ಅನ್ನುವ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಈ ಕಡೆಯನ್ನೇ ಮೊದಲು ನೋಡಿ ಅನ್ನುತ್ತೇನೆ. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ ಓದಿದವರು, 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದವರು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಅಂಥದ್ದೇ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ದಲಿತ ಚಳವಳಿಯ ಬರಹವನ್ನು ಕನ್ನಡದಲ್ಲೇ ಓದಿ ಬೆಳೆದವರು ಇದರ ಬಗ್ಗೆ ಬರೆದರೆ ಅದರ ತೂಕವೇ ಬೇರೆ. ಬರ್ಕ್ಲಿ ಮತ್ತು ಸ್ಯಾನ್ ಡಿಯೇಗೋದಲ್ಲಿ ಎತ್ನಿಕ್ ಸ್ಟಡೀಸ್ ಪಿಎಚ್‌ಡಿ ಇದೆ. ಆಫ್ರಿಕನ್ ಅಮೆರಿಕನ್ ಸ್ಟಡೀಸ್‌ನಲ್ಲಿ ಮೊದಲ ಪಿಎಚ್‌ಡಿ ಕೋರ್ಸ್ 1988ರಲ್ಲಿ ಟೆಂಪಲ್ ವಿವಿಯಲ್ಲಿ ಶುರುವಾಯಿತು.

ಅಮೆರಿಕನ್ ಸ್ಟಡೀಸ್, ಎತ್ನಿಕ್ ಸ್ಟಡೀಸ್ ಎರಡೂ ಒಂದೇ ಸೂರಿನಡಿ ಬೇಕು ಅಂದರೆ ಮಿಷಿಗನ್ ವಿವಿ ನೋಡಿ. ಆನ್ ಆರ್ಬರ್‌ನಲ್ಲಿರುವ ಆ ವಿಭಾಗದ ಹೆಸರೇ ಅಮೆರಿಕನ್ ಕಲ್ಚರ್. ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಅಮೆರಿಕನ್ನರು, ಲ್ಯಾಟಿನೋ, ಮೂಲನಿವಾಸಿಗಳು, ಅರಬ್ ಮತ್ತು ಮುಸ್ಲಿಂ ಅಮೆರಿಕನ್ನರ ಅಧ್ಯಯನ ಎಲ್ಲ ಅದರೊಳಗೇ ಇವೆ. ಅಲ್ಲಿಂದ ಡಿಯರ್‌ಬಾರ್ನ್ ಹತ್ತಿರ, ಅರಬ್ ಅಮೆರಿಕನ್ ಮ್ಯೂಸಿಯಂ ಇರುವುದು ಅಲ್ಲೇ. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿವಿಯಲ್ಲೂ ಅಮೆರಿಕನ್ ಸ್ಟಡೀಸ್, ಎತ್ನಿಸಿಟಿ ಎರಡೂ ಒಂದೇ ವಿಭಾಗ. ವಸ್ತುಸಂಗ್ರಹಾಲಯದ ಕಡೆ ಒಲವಿದ್ದವರಿಗೆ ವಾಷಿಂಗ್ಟನ್‌ನ ಜಾರ್ಜ್ ವಾಷಿಂಗ್ಟನ್ ವಿವಿ ಅನುಕೂಲ, ಸ್ಮಿತ್‌ಸೋನಿಯನ್ ಪಕ್ಕದಲ್ಲೇ ಇದೆ. ವಲಸೆಯ ಹಳೇ ಕಾಗದಪತ್ರ ಬೇಕು ಅನ್ನುವವರಿಗೆ ಮಿನೆಸೋಟಾ. ಅಲ್ಲಿ 1965ರಿಂದ ವಲಸೆ ಇತಿಹಾಸಕ್ಕೇ ಅಂತ ಒಂದು ಸಂಶೋಧನಾ ಕೇಂದ್ರ ಇದೆ.

ಇನ್ನೊಂದು ಗೊಂದಲ ಪದೇ ಪದೇ ಬರುತ್ತದೆ. ಸೌತ್ ಏಷ್ಯನ್ ಸ್ಟಡೀಸ್ ಬೇರೆ, ಇದು ಬೇರೆ. ಎ. ಕೆ. ರಾಮಾನುಜನ್ ಶಿಕಾಗೋದಲ್ಲಿ ಕಲಿಸಿದ್ದು ದಕ್ಷಿಣ ಏಷ್ಯಾದ ಭಾಷೆಗಳ ವಿಭಾಗದಲ್ಲಿ. ನಿಮ್ಮ ಪ್ರಶ್ನೆ ವಚನ, ಜನಪದ, ಮೈಸೂರು ಸಂಸ್ಥಾನದ ಬಗ್ಗೆ ಇದ್ದರೆ ಆ ಕಡೆ ಹೋಗಿ. ಅಮೆರಿಕ ಹೇಗೆ ನಡೆಯುತ್ತದೆ ಅನ್ನುವುದು ಪ್ರಶ್ನೆಯಾದರೆ ಈ ಕಡೆ ಬನ್ನಿ.

ದುಡ್ಡು, ಕೆಲಸ, ವೀಸಾ

ಇಲ್ಲಿ ಭಾವನೆ ಬೇಡ. ಪಿಎಚ್‌ಡಿಗೆ ಸೀಟು ಸಿಕ್ಕರೆ ಒಳ್ಳೇ ವಿವಿಗಳಲ್ಲಿ ಸಾಮಾನ್ಯವಾಗಿ ಐದು ವರ್ಷ ಫೀಸು ಇರುವುದಿಲ್ಲ, ಸ್ಟೈಪೆಂಡ್, ಆರೋಗ್ಯ ವಿಮೆ ಇರುತ್ತದೆ, ಬದಲಿಗೆ ಪಾಠ ಮಾಡಬೇಕು. ಬರೀ ಎಂಎಗೆ ಹೋದರೆ ಬಹುತೇಕ ನಿಮ್ಮದೇ ದುಡ್ಡು. ಈ ವಿಷಯದ ಎಂಎಗಾಗಿ ಮನೆ ಪತ್ರ ಅಡವಿಟ್ಟು ಸಾಲ ಮಾಡಬೇಡಿ ಅಂತ ನಾನು ಕೈ ಮುಗಿದು ಕೇಳುತ್ತೇನೆ. ಎಫ್-1 ವೀಸಾದಲ್ಲಿ ಓದು ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಓದು ಮುಗಿದ ಮೇಲೆ ಒಪಿಟಿಯಲ್ಲಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಕೊಡುವ ಅನುಮತಿಯಲ್ಲಿ, 12 ತಿಂಗಳು. ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ವಿಸ್ತರಣೆ ನಮಗಿಲ್ಲ. ನಿಮ್ಮ ಕಸಿನ್ ಎಂಎಸ್ ಮಾಡಿ ಸಾಲ ತೀರಿಸಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸೀಟುಗಳೂ ಕಮ್ಮಿಯಾಗುತ್ತಿವೆ. ಬಾಸ್ಟನ್ ವಿವಿ 2024ರ ನವೆಂಬರ್‌ನಲ್ಲಿ ಸುಮಾರು ಹನ್ನೆರಡು ಪಿಎಚ್‌ಡಿ ಕೋರ್ಸ್‌ಗಳಿಗೆ ಮುಂದಿನ ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿತು. ಆ ಪಟ್ಟಿಯಲ್ಲಿ ಇಂಗ್ಲಿಷ್, ಇತಿಹಾಸ, ಮಾನವಶಾಸ್ತ್ರ, ಸಮಾಜಶಾಸ್ತ್ರದ ಜೊತೆಗೆ ಅಮೆರಿಕನ್ ಸ್ಟಡೀಸೂ ಇತ್ತು. 2025ರಲ್ಲಿ ಇನ್ನೂ ಕೆಲವು ದೊಡ್ಡ ವಿವಿಗಳು ಸೀಟು ಕಡಿತ ಮಾಡಿದವು. ಅರ್ಜಿ ಫೀಸು ಕಟ್ಟುವ ಮೊದಲು ಈ ವರ್ಷ ಪ್ರವೇಶ ಇದೆಯಾ ಅಂತ ವಿಭಾಗಕ್ಕೇ ಒಂದು ಇಮೇಲ್ ಹಾಕಿ.

ಕೆಲಸದ ವಿಚಾರದಲ್ಲಿ ವಿಭಾಗದ ಹೆಸರು ಲೆಕ್ಕಕ್ಕೆ ಬರುತ್ತದೆ. ಅಮೆರಿಕನ್ ಸ್ಟಡೀಸ್ ಅಂತಲೇ ಕರೆಯುವ ಅಧ್ಯಾಪಕ ಹುದ್ದೆಗಳು ಕೆಲವೇ. ಇತಿಹಾಸ ವಿಭಾಗ ಇತಿಹಾಸದ ಪಿಎಚ್‌ಡಿಯನ್ನು ಹುಡುಕುತ್ತದೆ. ವಾಪಸ್ ಬಂದು ಕರ್ನಾಟಕದಲ್ಲಿ ಕಲಿಸುವ ಯೋಚನೆ ಇದ್ದರಂತೂ ಇನ್ನೂ ಎಚ್ಚರ ಬೇಕು. ಇಲ್ಲಿ ಹುದ್ದೆ ಕರೆಯುವುದೇ ಇಂಗ್ಲಿಷ್, ಇತಿಹಾಸ, ಸಮಾಜಶಾಸ್ತ್ರ ಅಂತ. ಎಂಎ ಯಾವ ವಿಷಯದಲ್ಲಿದೆ, ನೆಟ್ (ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ) ಯಾವ ವಿಷಯದಲ್ಲಿದೆ ಅಂತ ಕೇಳುತ್ತಾರೆ. ಹೊರಡುವ ಮೊದಲೇ ನೆಟ್ ಮುಗಿಸಿಕೊಂಡಿದ್ದು ನನಗೆ ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳಲಾರೆ.

ಅಮೆರಿಕಕ್ಕೇ ಹೋಗಬೇಕಾ?

ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯಲ್ಲಿ ಜಾನ್ ಎಫ್. ಕೆನಡಿ ಇನ್‌ಸ್ಟಿಟ್ಯೂಟ್ ಇದೆ, 1963ರದು. ಸಂಸ್ಕೃತಿ, ಸಾಹಿತ್ಯ, ಇತಿಹಾಸ, ರಾಜಕೀಯ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಆರೂ ಒಂದೇ ಸಂಸ್ಥೆಯಲ್ಲಿ, ಪಾಠ ಇಂಗ್ಲಿಷ್‌ನಲ್ಲಿ. ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ಫೀಸು ಅಷ್ಟೇ. ಹೈಡೆಲ್‌ಬರ್ಗ್‌ನಲ್ಲೂ ಅಮೆರಿಕನ್ ಸ್ಟಡೀಸ್ ಕೇಂದ್ರ ಇದೆ, ಆದರೆ ಆ ರಾಜ್ಯದಲ್ಲಿ ಯುರೋಪಿನ ಹೊರಗಿನವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಜರ್ಮನಿಯ ವೀಸಾಗಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗಿಷ್ಟೇ ತೆಗೆಯಲು ಬಿಡುವ ಖಾತೆಯಲ್ಲಿ, ಒಂದು ವರ್ಷದ ಖರ್ಚು ಇಡಬೇಕು, 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯೂರೋ ಆಯಿತು. ಹೊಂದಿಸಿಕೊಳ್ಳಲು ಆಗುವವರಿಗೆ, ಎಂಎ ಮಟ್ಟದಲ್ಲಿ ನನ್ನ ಮೊದಲ ಆಯ್ಕೆ ಬರ್ಲಿನ್. ದೂರ ನಿಂತು ನೋಡುವವರಿಗೆ ಕಾಣುವುದು ಒಳಗಿದ್ದವರಿಗೆ ಕಾಣುವುದಿಲ್ಲ, ಅಲ್ವಾ? ಇಂಗ್ಲೆಂಡಿನ ಒಂದು ವರ್ಷದ ಎಂಎಗಳಿಗೆ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಯೋಚಿಸಿ.

ನಮ್ಮ ದೇಶದಲ್ಲಿ ಜೆಎನ್‌ಯುನ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್‌ನಲ್ಲಿ ಅಮೆರಿಕದ ಅಧ್ಯಯನ ಇದೆ. ಒಲವು ಜಾಸ್ತಿ ವಿದೇಶಾಂಗ ನೀತಿ, ರಾಜಕೀಯದ ಕಡೆ. ಹೈದರಾಬಾದಿನ ಉಸ್ಮಾನಿಯಾ ಕ್ಯಾಂಪಸ್‌ನಲ್ಲಿ 1964ರಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಶುರುವಾಗಿತ್ತು. ನನಗೆ ಎಂಎ ಪಾಠ ಮಾಡಿದ ಮೇಷ್ಟ್ರು ಅಲ್ಲಿ ವಾರಗಟ್ಟಲೆ ಇದ್ದು ನೋಟ್ಸ್ ಮಾಡಿಕೊಂಡು ಬರುತ್ತಿದ್ದರಂತೆ. ಆ ಸಂಸ್ಥೆ ಹಳೇ ರೂಪದಲ್ಲಿ ಈಗಿಲ್ಲ. ಇಲ್ಲೇ ಉಳಿಯುವವರಿಗೆ ಸರಿಯಾದ ದಾರಿ ಅಂದರೆ ಜೆಆರ್‌ಎಫ್ (ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ತೆಗೆದುಕೊಂಡು ಇಂಗ್ಲಿಷ್‌ನಲ್ಲೋ ಇತಿಹಾಸದಲ್ಲೋ ಪಿಎಚ್‌ಡಿಗೆ ಸೇರುವುದು. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಆಮೇಲೆ ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಅದು ಭಾರತದಲ್ಲಿ ಪಿಎಚ್‌ಡಿಗೆ ನೋಂದಾಯಿಸಿದವರನ್ನು 6ರಿಂದ 9 ತಿಂಗಳು ಅಮೆರಿಕಕ್ಕೆ ಕಳಿಸುತ್ತದೆ. ಮುಗಿದ ಮೇಲೆ ಎರಡು ವರ್ಷ ಊರಿನಲ್ಲಿ ಇರಬೇಕು. ಸಾಲವಿಲ್ಲ, ಮನೆಯವರಿಂದ ಆರು ವರ್ಷ ದೂರವಿಲ್ಲ. ಇದನ್ನು ಎರಡನೇ ದರ್ಜೆಯ ದಾರಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಅರ್ಜಿಯಲ್ಲಿ ನಾನು ಮಾಡಿದ ತಪ್ಪು

ಮೊದಲ ಸಲ ನಾನು ಏಳು ಕಡೆ ಹಾಕಿದೆ, ಏಳೂ ಕಡೆ ಇಲ್ಲ ಅಂದರು. ಎಸ್‌ಒಪಿಯಲ್ಲಿ, ಅಂದರೆ ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ, ಅಮೆರಿಕನ್ ಕಾದಂಬರಿಗಳು ನನಗೆಷ್ಟು ಇಷ್ಟ ಅಂತ ಎರಡು ಪುಟ ಬರೆದಿದ್ದೆ. ಪ್ರಶ್ನೆಯೇ ಇರಲಿಲ್ಲ. ಎರಡನೇ ಸಲ ಮೊದಲ ಸಾಲಿನಲ್ಲೇ ಒಂದು ಪ್ರಶ್ನೆ ಇಟ್ಟೆ, ಅದನ್ನು ಯಾವ ವಿಧಾನದಲ್ಲಿ ಹುಡುಕುತ್ತೇನೆ ಅಂತ ಬರೆದೆ, ಆ ವಿಭಾಗದಲ್ಲಿ ಯಾರ ಜೊತೆ ಕೆಲಸ ಮಾಡಬೇಕು ಅಂತ ಇಬ್ಬರ ಹೆಸರು ಹಾಕಿದೆ. ಇಬ್ಬರು ಯಾಕೆಂದರೆ ಒಬ್ಬರೇ ಗೈಡ್ ನಂಬಿ ಹೋದರೆ, ಅವರು ಬೇರೆ ವಿವಿಗೆ ಹೋದ ದಿನ ನೀವು ಒಂಟಿ. ರೈಟಿಂಗ್ ಸ್ಯಾಂಪಲ್ ಸುಮಾರು 20 ಪುಟ ಬೇಕು, ಅದಕ್ಕೆ ಬೇಸಿಗೆಯಿಂದಲೇ ಕೂರಬೇಕು. ಎಷ್ಟೋ ಕಡೆ ಈಗ ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುವುದಿಲ್ಲ. ಕೊನೆಯ ದಿನಾಂಕ ಸಾಮಾನ್ಯವಾಗಿ ಡಿಸೆಂಬರ್. 2024ರಿಂದ ಕರ್ನಾಟಕದಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ, ಕೆಲವು ಅಮೆರಿಕನ್ ವಿವಿಗಳು ನಾಲ್ಕು ವರ್ಷ ಕೇಳುತ್ತವೆ, ಆದ್ದರಿಂದ ಎಂಎ ಮುಗಿಸಿಯೇ ಹಾಕುವುದು ಕ್ಷೇಮ. ಕನ್ನಡ ಬರುತ್ತದೆ ಅನ್ನುವುದನ್ನು ಮುಚ್ಚಿಡಬೇಡಿ. ನಿಮ್ಮ ವಿಷಯಕ್ಕೆ ಬೇಕಾದ ಭಾಷೆ ಅದೇ ಆದರೆ ಭಾಷಾ ಪರೀಕ್ಷೆಗೆ ಅದನ್ನೇ ಒಪ್ಪುತ್ತಾರಾ ಅಂತ ಕೇಳಿ.

ಇದಕ್ಕೆಲ್ಲ ಮೊದಲು ನಿಮ್ಮದೇ ಒಂದು ಹಾಳೆ ಹುಡುಕಿ. ಅತ್ತೆ ಮನೆಯಲ್ಲಿ, ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ, ಯಾವುದಾದರೂ ಕನ್ನಡ ಕೂಟದ ಹಳೇ ಡಬ್ಬದಲ್ಲಿ ಇದ್ದೇ ಇರುತ್ತದೆ. ದಕ್ಷಿಣ ಏಷ್ಯಾದವರ ಅಮೆರಿಕದ ನೆನಪುಗಳನ್ನು ಕೂಡಿಡುವ ಸಾದಾ ಅನ್ನುವ ಡಿಜಿಟಲ್ ಆರ್ಕೈವ್ 2008ರಿಂದ ಇದೆ, ಅಲ್ಲೂ ನೋಡಿ. ಸಿಕ್ಕಿದ್ದನ್ನು ಮನೆಯವರನ್ನು ಕೇಳಿ ಸ್ಕ್ಯಾನ್ ಮಾಡಿ, ಯಾರದು, ಯಾವ ವರ್ಷದ್ದು ಅಂತ ಪಕ್ಕದಲ್ಲಿ ಬರೆದಿಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.